ಬೆಳೆಯುವ ಬಂಡೆಗಳ ನಡುವೆ

ಚಾಮರಾಜನಗರ ಸೀಮೆಯವರಿಗೆ ಕಲ್ಲು ಹೊಸತಲ್ಲ. ಇಲ್ಲಿನ ನೆಲದಿಂದ ತೆಗೆದ ಕರಿಕಲ್ಲು ಕನ್ನಡಿಯಂತೆ ಹೊಳಪು ಪಡೆದು ಹೊರದೇಶಗಳಿಗೂ ಹೋಗುತ್ತದೆ. ಭೂಮಿಯ ಬಿರುಕುಗಳಲ್ಲಿ ನುಗ್ಗಿಬಂದ ಶಿಲಾರಸವು ಬಹು ಪುರಾತನ ಕಾಲದಲ್ಲಿ ತಣಿದು ಗಟ್ಟಿಯಾದದ್ದೇ ಈ ಕಲ್ಲು. ಅದು ಹುಟ್ಟಿದ್ದು ಒಂದು ಸಲ, ಆಮೇಲೆ ಬೆಳೆದದ್ದಿಲ್ಲ. ಹೀಗಿರುವಾಗ, ಕಲ್ಲೊಂದು ವರ್ಷವರ್ಷವೂ ಬೆಳೆಯುತ್ತದೆ, ಬಿಸಿಲಿನಿಂದ ಆಹಾರ ಪಡೆಯುತ್ತದೆ, ಸೆಕೆ ಹೆಚ್ಚಾದರೆ ಬಿಳಿಚಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಮಗೆ ನಗು ಬರುವುದು ಸಹಜ. ಆದರೆ ಅಂತಹ ಬಂಡೆಗಳು ನಮ್ಮ ರಾಜ್ಯದಲ್ಲಿಯೇ ಉಂಟು. ಅವನ್ನು ಕಾಣಬೇಕಾದರೆ ಮಾತ್ರ ಸಮುದ್ರದ ನೀರಿನಲ್ಲಿ ಮುಖವನ್ನು ಅದ್ದಬೇಕು.

ಚಾಮರಾಜನಗರದಿಂದ ಇಬ್ಬರು, ಗುಂಡ್ಲುಪೇಟೆಯಿಂದ ಮೂವರು, ಹೀಗೆ ಐವರು ಅಧ್ಯಾಪಕ ಮಿತ್ರರು ಕಳೆದ ಡಿಸೆಂಬರ್ ತಿಂಗಳಿನಲ್ಲಿ ಈ ಉದ್ದೇಶದಿಂದಲೇ ಘಟ್ಟವಿಳಿದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರಕ್ಕೆ ಹೋದೆವು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಮಳೆಗಾಲದಲ್ಲಿ ಕಡಲು ಮುನಿದಿರುವಾಗ ಅತ್ತ ಯಾರೂ ಸುಳಿಯುವಂತಿಲ್ಲ. ಅಕ್ಟೋಬರಿನಿಂದ ಬೇಸಗೆಯವರೆಗೆ ದೋಣಿಗಳು ಹೋಗಿಬರುತ್ತವೆ. ಬೆಳಗಿನ ತಂಪಿನಲ್ಲಿ ಹೊರಟ ನಮ್ಮ ದೋಣಿ ದ್ವೀಪವನ್ನು ಮುಟ್ಟುವ ಹೊತ್ತಿಗೆ, ದಡದ ಶಿವನ ಬೃಹತ್ ಮೂರ್ತಿಯು ಕಣ್ಣಿಗೆ ಮಸುಕಾಗಿತ್ತು. ನೀರಿನ ಬಣ್ಣ ಮಾತ್ರ ಕಂದು ಹಸುರಿನಿಂದ ತಿಳಿನೀಲಿಗೆ ತಿರುಗಿತ್ತು.

ಒಂದೂವರೆ ಗೇಣಿನ ಕೊಳವೆ

ನಮ್ಮಲ್ಲಿ ಮೂವರು ಕೆರೆ ಬಾವಿಗಳಲ್ಲಿ ಈಜು ಕಲಿತವರು; ಉಳಿದಿಬ್ಬರಿಗೆ ಅದೂ ಇಲ್ಲ. ಆದುದರಿಂದ ಎಲ್ಲರೂ ತೇಲುವ ಅಂಗಿಯನ್ನು ತೊಟ್ಟೆವು. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಳ್ಳುವ ಒಂದು ಬಾಗಿದ ಕೊಳವೆ, ಇಷ್ಟೇ ಸಲಕರಣೆ. ಈ ಕೊಳವೆಗೆ ಸ್ನಾರ್ಕೆಲ್ ಎಂದು ಹೆಸರು. ಇದನ್ನು ಕಚ್ಚಿ ನೀರಿನ ಮೇಲೆ ಬೋರಲಾಗಿ ತೇಲಿದರೆ, ತಲೆ ಎತ್ತದೆಯೇ ಉಸಿರಾಡುತ್ತ ಕೆಳಗಿನದನ್ನೆಲ್ಲ ನೋಡಬಹುದು.

ಈ ಕೊಳವೆ ಒಂದೂವರೆ ಗೇಣಿಗಿಂತ ಉದ್ದವಿರುವುದಿಲ್ಲ. ಒಂದು ಮೀಟರು ಉದ್ದ ಮಾಡಿಕೊಂಡು ಇನ್ನಷ್ಟು ಆಳಕ್ಕೆ ಹೋಗಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಮೀಟರು ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 100 ಗ್ರಾಮಿನ ಭಾರವನ್ನು ಹೇರುತ್ತದೆ. ಎದೆಯ ಹರವು 1000 ಚದರ ಸೆಂಟಿಮೀಟರೆಂದು ಹಿಡಿದರೆ ಒಟ್ಟು ಭಾರ 100 ಕಿಲೋಗ್ರಾಂ. ಕೊಳವೆಯ ಮೂಲಕ ಬರುವ ಗಾಳಿಗಾದರೋ ನೀರಿನ ಮೇಲಿನ ಒತ್ತಡವಷ್ಟೇ ಇರುತ್ತದೆ. ಅಂದರೆ ಕ್ವಿಂಟಲ್ ತೂಕದ ಜೋಳದ ಮೂಟೆಯನ್ನು ಎದೆಯ ಮೇಲಿಟ್ಟುಕೊಂಡು ಉಸಿರೆಳೆದಂತೆ! ಅಲ್ಲದೆ, ಉದ್ದ ಕೊಳವೆಯಲ್ಲಿ ನಾವು ಬಿಟ್ಟ ಹಳೆಯ ಉಸಿರೇ ಉಳಿದು, ಮರಳಿ ನಮ್ಮ ಶ್ವಾಸಕೋಶವನ್ನೇ ಸೇರುತ್ತದೆ.

ನೀರಿಗಿಳಿದ ಮೊದಲ ಗಳಿಗೆಯಲ್ಲಿ ಎದೆ ಢವಗುಟ್ಟಿತು. ನಾಲ್ಕಾರು ಉಸಿರುಗಳಾದ ಮೇಲೆ ಭಯ ಕರಗಿತು. ಕೈಚಾಚಿದರೆ ಸಿಕ್ಕುವಂತೆ ಕಂಡ ಮೀನು ಕೈಗೆ ಎಟುಕಲಿಲ್ಲ. ಬೆಳಕು ನೀರಿನಿಂದ ಮುಖವಾಡದೊಳಗಿನ ಗಾಳಿಗೆ ಬರುವಾಗ ಬಾಗುವುದರಿಂದ, ವಸ್ತುಗಳು ನಿಜವಾದ ದೂರದ ಮುಕ್ಕಾಲು ಪಾಲಿನಲ್ಲಿರುವಂತೆಯೂ ಗಾತ್ರದಲ್ಲಿ ಮೂರನೆಯ ಒಂದು ಪಾಲು ದೊಡ್ಡವಾಗಿಯೂ ತೋರುತ್ತವೆ. ತರಗತಿಯಲ್ಲಿ ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದು ಪಾಠ ಹೇಳಿದ ನಿಯಮಕ್ಕೆ ನಾವೇ ಮೋಸಹೋದೆವು.

ಕಿವಿಗೆ ಮತ್ತೊಂದು ಅಚ್ಚರಿ ಕಾದಿತ್ತು. ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿಯುವಂತಹ ಚಟಪಟ ಸದ್ದು ಎಲ್ಲೆಡೆಯಿಂದಲೂ ಕೇಳಿಬರುತ್ತಿತ್ತು. ಬಂಡೆಗಳ ಸಂದುಗಳಲ್ಲಿ ಅಡಗಿರುವ ಒಂದು ಜಾತಿಯ ಸಣ್ಣ ಸಿಗಡಿಗಳು ತಮ್ಮ ದೊಡ್ಡ ಕೊಂಡಿಯನ್ನು ಅತಿ ವೇಗದಿಂದ ಮುಚ್ಚುವಾಗ ನೀರಿನಲ್ಲಿ ಗುಳ್ಳೆಯೊಂದು ಉಂಟಾಗುತ್ತದೆ. ಆ ಗುಳ್ಳೆ ಕುಸಿದು ಒಡೆಯುವ ಸದ್ದೇ ಇದು.

ಕಾಲೂರಲು ಹೋದ ಮಿತ್ರರು

ಕೆಳಗೆ ಗುಂಡುಗುಂಡಾದ ದೊಡ್ಡ ಬಂಡೆಗಳು. ಅವುಗಳ ಮೇಲೆ ಕಂದು, ಹಳದಿ, ಮಾಸಲು ಹಸುರಿನ ಹೊದಿಕೆ. ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸುತ್ತುತ್ತಿದ್ದವು. ಗಿಣಿಯ ಕೊಕ್ಕಿನಂತಹ ಬಾಯುಳ್ಳ ಗಿಣಿಮೀನೊಂದು ಬಂಡೆಯನ್ನು ಕಟಕಟನೆ ಕೆರೆದು ತಿನ್ನುತ್ತಿತ್ತು. ಇಂತಹ ಮೀನುಗಳು ಪಾಚಿಯೊಡನೆ ಕಲ್ಲನ್ನೂ ಕೊರೆದು ನುಂಗಿ, ಅದನ್ನು ನುಣ್ಣನೆಯ ಮರಳಾಗಿ ಹೊರಹಾಕುತ್ತವೆ. ಹವಳ ದ್ವೀಪಗಳ ಬೆಳ್ಳನೆಯ ಮರಳಿನಲ್ಲಿ ಇವುಗಳ ಪಾಲು ದೊಡ್ಡದು.

ದ್ವೀಪದ ಅಂಚಿನಲ್ಲಿ ನೀರು ತೆಳುವಾಗಿದ್ದೆಡೆ ನಮ್ಮ ಮಿತ್ರರೊಬ್ಬರು ದಣಿದು, ಬಂಡೆಯೊಂದರ ಮೇಲೆ ಕಾಲೂರಿ ನಿಲ್ಲಲು ಹೊರಟರು. ಹೊಳೆಯ ನಡುವೆ ಬಂಡೆ ಕಂಡರೆ ಹತ್ತಿ ನಿಲ್ಲುವುದು ನಮ್ಮ ಸೀಮೆಯವರ ಅಭ್ಯಾಸವಷ್ಟೆ. ಜೊತೆಗಿದ್ದ ಮಾರ್ಗದರ್ಶಕ ತರುಣನು ಸರ್ರನೆ ಬಂದು ಅವರ ತೋಳನ್ನು ಹಿಡಿದೆಳೆದನು. ಇಬ್ಬರೂ ತಲೆಯೆತ್ತಿದ ಮೇಲೆ, “ಕಾಲಿಡಬೇಡಿ ಸಾರ್, ಅದಕ್ಕೆ ಜೀವ ಉಂಟು!” ಎಂದನು. ನಮ್ಮ ಮಿತ್ರರು ನಾಚಿಕೊಂಡರು. ಆ ಮಾತಿನಲ್ಲಿ ಉತ್ಪ್ರೇಕ್ಷೆ ಎಳ್ಳಷ್ಟೂ ಇರಲಿಲ್ಲ.

ಬಂಡೆಯ ಮೇಲಿನ ಆ ತೆಳು ಹೊದಿಕೆಯು ಸಾವಿರಾರು ಹವಳಜೀವಿಗಳ ಒಂದು ವಸಾಹತು. ಒಂದೊಂದು ಜೀವಿಯೂ ಒಂದು ಪುಟ್ಟ ಚೀಲದಂತೆ ಇರುತ್ತದೆ. ಅದಕ್ಕೆ ಒಂದೇ ಬಾಯಿ, ಬಾಯಿಯ ಸುತ್ತ ಕುಡಿಗಳಂತಹ ಬೆರಳುಗಳು. ಇದಕ್ಕೆ ಪಾಲಿಪ್ ಎನ್ನುತ್ತಾರೆ. ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ಅದು ತನ್ನ ಅಡಿಯಲ್ಲಿ ಕಲ್ಲಿನ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಮತ್ತೊಂದು ಪದರ, ಮತ್ತೊಂದು. ಜೀವವಿರುವುದು ಮೇಲಿನ ತೆಳುಚರ್ಮದಲ್ಲಿ ಮಾತ್ರ. ಒಳಗಿನದೆಲ್ಲ ಹಿಂದಿನ ತಲೆಮಾರುಗಳು ಬಿಟ್ಟುಹೋದ ಕಟ್ಟಡ. ಗುಂಡು ಬಂಡೆಯಂತೆ ಬೆಳೆಯುವ ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು. ಒಂದು ಮೀಟರು ಎತ್ತರದ ಬಂಡೆಯೆಂದರೆ ಸುಮಾರು ನೂರು ವರ್ಷಗಳ ದುಡಿಮೆ. ಬಂಡೀಪುರದ ತೇಗದ ಮರದಲ್ಲಿ ವರ್ಷಬಳೆಗಳಿರುವಂತೆ ಈ ಕಲ್ಲಿನಲ್ಲಿಯೂ ವರ್ಷದ ಪದರಗಳಿವೆ. ಎಕ್ಸ್‌ಕಿರಣದಿಂದ ಚಿತ್ರ ತೆಗೆದು ವಿಜ್ಞಾನಿಗಳು ಅವನ್ನು ಎಣಿಸಬಲ್ಲರು. ಒಂದು ಹೆಜ್ಜೆಯಿಂದ ಆ ತೆಳುಚರ್ಮ ಹರಿದುಹೋಗಬಹುದು.

ಇವು ಪ್ರಾಣಿಗಳೆಂದು ಮನುಷ್ಯನು ಅರಿಯಲು ಬಹುಕಾಲ ಹಿಡಿಯಿತು. ಹವಳವು ಸಮುದ್ರದ ಗಿಡವೆಂದೇ ಯೂರೋಪಿನ ಪಂಡಿತರು ನಂಬಿದ್ದರು. ಫ್ರಾನ್ಸಿನ ವೈದ್ಯ ಪೆಸೊನೆಲ್ ಎಂಬವನು 1720ರ ದಶಕದಲ್ಲಿ, ಅದರ ‘ಹೂ’ಗಳು ನಿಜವಾಗಿ ಸಣ್ಣ ಪ್ರಾಣಿಗಳೆಂದು ಕಂಡುಹಿಡಿದು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಬರೆದನು. ಅಲ್ಲಿನ ಹಿರಿಯ ವಿಜ್ಞಾನಿ ರೆಯೊಮ್ಯೂರನು ಆ ವಿಚಾರವನ್ನು ಸಭೆಗೆ ತಿಳಿಸಿದನಾದರೂ ಅದನ್ನು ಒಪ್ಪಲಿಲ್ಲ. ಬರೆದವನ ಹೆಸರನ್ನೂ ಹೇಳಲಿಲ್ಲ. ಪೆಸೊನೆಲ್ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪಕ್ಕೆ ಹೋಗಿ ನೆಲೆಸಿ, ಅಲ್ಲಿಯೂ ತನ್ನ ಅಧ್ಯಯನವನ್ನು ಮುಂದುವರಿಸಿದನು. ಕಾಲಾನಂತರ ಅವನ ಮಾತೇ ನಿಂತಿತು.

ಆದರೂ ಹಳೆಯ ಪಂಡಿತರ ಮಾತು ಪೂರ್ತಿ ಸುಳ್ಳಲ್ಲ. ದಿಬ್ಬ ಕಟ್ಟುವ ಹವಳದ ಒಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏಕಕೋಶದ ಪಾಚಿಗಳು ಬಾಳುತ್ತವೆ. ಅವು ಬಿಸಿಲಿನಲ್ಲಿ ಆಹಾರ ತಯಾರಿಸಿ ಅದರ ಬಹುಪಾಲನ್ನು ಮನೆಯ ಒಡೆಯನಿಗೆ ಒಪ್ಪಿಸುತ್ತವೆ. ಪ್ರತಿಯಾಗಿ ನೆಲೆಯನ್ನೂ ಗೊಬ್ಬರವನ್ನೂ ಪಡೆಯುತ್ತವೆ. ಹವಳದ ಬಣ್ಣಕ್ಕೆ ಮುಖ್ಯ ಕಾರಣವೂ ಈ ಪಾಚಿಗಳೇ. ಅಜ್ಜಿಯರ ಸರದಲ್ಲಿರುವ ಕೆಂಪು ಹವಳ ಇದಲ್ಲ. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಿಂದ ಬಂದದ್ದು. ಅದಕ್ಕೆ ಪಾಚಿಯ ನೆರವಿಲ್ಲ, ಅದು ದಿಬ್ಬ ಕಟ್ಟುವುದೂ ಇಲ್ಲ.

ದಡದಲ್ಲೇಕಿಲ್ಲ?

ಪಾಚಿಗೆ ಬೆಳಕು ಬೇಕು. ಆದುದರಿಂದ ಹವಳದ ದಿಬ್ಬಕ್ಕೆ ತಿಳಿಯಾದ, ಬೆಚ್ಚನೆಯ, ಉಪ್ಪು ನೀರು ಬೇಕು. ನಮ್ಮ ಕರಾವಳಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಮಳೆಗಾಲದಲ್ಲಿ ಸಿಹಿನೀರನ್ನೂ ಮಣ್ಣನ್ನೂ ತಂದು ಸುರಿಯುವುದರಿಂದ ದಡದ ನೀರು ಕದಡಿಹೋಗುತ್ತದೆ. ನೇತ್ರಾಣಿಯು ಆ ಕದಡಿಗೆ ದೂರವಾಗಿರುವುದರಿಂದಲೇ ಅಲ್ಲಿ ಹವಳ ಬಾಳಿದೆ. ಲಕ್ಷದ್ವೀಪದಲ್ಲಾದರೆ ನದಿಗಳೇ ಇಲ್ಲ. ಅಲ್ಲಿ ಮರಳಿನಿಂದ ನಾಲ್ಕು ಹೆಜ್ಜೆ ನೀರಿಗಿಳಿದರೆ ಸಾಕು, ಹವಳ ಕಾಣಸಿಗುತ್ತದೆ. ಅಲ್ಲಿನ ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ಇಂದು ಅನೇಕರಿಗೆ ಮರೆತುಹೋಗಿದೆ. ಕೆರಿಬಿಯನ್ನಿನ ಬೊನೇರ್ ದ್ವೀಪವೂ ಹೀಗೆ ದಡದಿಂದಲೇ ಹವಳ ನೋಡುವವರಿಗೆ ಹೆಸರಾದದ್ದು; ಅದರ ಸುತ್ತಣ ಕಡಲನ್ನು 1979ರಲ್ಲಿ ರಕ್ಷಿತ ಉದ್ಯಾನವಾಗಿ ಮಾಡಿದರು.

ಜಗತ್ತಿನ ಸಮುದ್ರತಳದಲ್ಲಿ ಹವಳದ ದಿಬ್ಬಗಳು ಆಕ್ರಮಿಸಿರುವುದು ಶೇಕಡಾ ಒಂದಕ್ಕಿಂತಲೂ ಕಡಮೆ. ಆದರೂ ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಅವು ಬಾಳಿನ ಒಂದಿಲ್ಲೊಂದು ಹಂತದಲ್ಲಿ ಆಸರೆಯಾಗಿವೆ.

ಸೆಕೆ ಮತ್ತು ಹುಳಿ

ಈ ಆಸರೆಗೆ ಈಗ ಕೇಡು ಬಂದಿದೆ. ನೀರಿನ ಉಷ್ಣತೆಯು ಆ ಪ್ರದೇಶದ ಅತ್ಯಂತ ಸೆಕೆಯ ತಿಂಗಳಿನ ವಾಡಿಕೆಯ ಮಟ್ಟಕ್ಕಿಂತ ಕೇವಲ ಒಂದು ಡಿಗ್ರಿ ಸೆಲ್ಸಿಯಸ್ ಏರಿ ಕೆಲವು ವಾರ ನಿಂತರೆ ಸಾಕು, ಹವಳವು ತನ್ನೊಳಗಿನ ಪಾಚಿಗಳನ್ನು ಹೊರದೂಡುತ್ತದೆ. ಆಗ ಬಣ್ಣ ಹೋಗಿ ಬಿಳಿಯ ಸುಣ್ಣದ ಎಲುಬು ಕಾಣುತ್ತದೆ. ನೀರು ಬೇಗ ತಣಿದರೆ ಅದು ಚೇತರಿಸಿಕೊಳ್ಳಬಲ್ಲದು. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಹಳವಾಗಿ ಸತ್ತವು. 2010, 2016 ಮತ್ತು 2024ರಲ್ಲಿ ಮತ್ತೆ ಪೆಟ್ಟು ತಿಂದವು. ಹಿಂದಿನ ಗಾಯ ಮಾಯುವ ಮುನ್ನವೇ ಮುಂದಿನದು ಬರುತ್ತಿರುವುದೇ ದೊಡ್ಡ ಚಿಂತೆ.

ಎರಡನೆಯ ಕೇಡನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ನೋಡಬಹುದು. ಕೋಳಿಮೊಟ್ಟೆಯ ಓಡನ್ನು ವಿನಿಗರಿನಲ್ಲಿ ಹಾಕಿ. ಗುಳ್ಳೆಗಳೆದ್ದು ಓಡು ಕರಗತೊಡಗುತ್ತದೆ. ಓಡೂ, ಹವಳವೂ, ಗುಂಡ್ಲುಪೇಟೆಯ ಹೊಲಗಳ ಮಣ್ಣಿನಲ್ಲಿ ಸಿಕ್ಕುವ ಬೆಳ್ಳನೆಯ ಸುಣ್ಣದ ಗಂಟುಗಳೂ ರಾಸಾಯನಿಕವಾಗಿ ಮುಖ್ಯವಾಗಿ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಇಂದು 420 ಪಾಲನ್ನು ಮೀರಿದೆ. ಅದರ ಒಂದಂಶವನ್ನು ಸಮುದ್ರವು ಹೀರಿಕೊಳ್ಳುತ್ತದೆ. ಸಮುದ್ರವೇನೂ ವಿನಿಗರ್ ಆಗಿಬಿಡುವುದಿಲ್ಲ. ಅದು ಈಗಲೂ ಕ್ಷಾರೀಯವೇ. ಆದರೆ ಕ್ಷಾರತೆ ತುಸು ಇಳಿದರೂ ಸುಣ್ಣ ಕಟ್ಟುವ ಕೆಲಸ ಹವಳಕ್ಕೆ ಹೆಚ್ಚು ಕಷ್ಟವಾಗುತ್ತದೆ.

ಗುಂಡ್ಲುಪೇಟೆಯ ಹೊಳೆಯ ನೀರು ಕಬಿನಿ, ಕಾವೇರಿಗಳನ್ನು ಸೇರಿ ಪೂರ್ವದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಾಗೆಂದು ಪಶ್ಚಿಮದ ಕಡಲಿಗೂ ನಮಗೂ ಸಂಬಂಧವಿಲ್ಲವೆನ್ನುವಂತಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕವಿಯುವ ಮುಂಗಾರಿನ ಮೋಡಗಳು ಅರಬ್ಬೀ ಸಮುದ್ರವನ್ನು ದಾಟಿಯೇ ಬರುತ್ತವೆ. ನಾವಿಲ್ಲಿ ಸುಡುವ ಡೀಸೆಲಿನ ಹೊಗೆಯೂ ಆ ಕಡಲಿನ ಲೆಕ್ಕಕ್ಕೆ ಸೇರುತ್ತದೆ.

ನೋಡಲು ಹೋಗುವವರು ಪಾಲಿಸಬೇಕಾದ ನಿಯಮಗಳು ಕೆಲವೇ. ಕಾಲೂರಬಾರದು, ಮುಟ್ಟಬಾರದು, ಮೀನಿಗೆ ತಿಂಡಿ ಎಸೆಯಬಾರದು, ತುಂಡೊಂದನ್ನೂ ತರಬಾರದು. ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ. ಹುಲಿಗೂ ಆನೆಗೂ ಇರುವ ರಕ್ಷಣೆ ಅದೇ.

ಊರಿಗೆ ಮರಳಿದ ಮೇಲೆ, ಕಾಲೂರಲು ಹೋಗಿದ್ದ ನಮ್ಮ ಮಿತ್ರರು ತಮ್ಮ ತರಗತಿಯ ಮೇಜಿನ ಮೇಲೆ ಕರಿಕಲ್ಲಿನ ಒಂದು ತುಂಡನ್ನೂ ನೇತ್ರಾಣಿಯ ಬಂಡೆಯ ಒಂದು ಚಿತ್ರವನ್ನೂ ಇಟ್ಟು, ಎರಡಕ್ಕೂ ಇರುವ ವ್ಯತ್ಯಾಸವೇನೆಂದು ಕೇಳಿದರಂತೆ. ಹುಡುಗರು ಬಣ್ಣ, ತೂಕ, ಗಡಸುತನಗಳನ್ನೆಲ್ಲ ಹೇಳಿದರು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, “ಸಾರ್, ಅದು ಈಗ ಎಷ್ಟು ಬೆಳೆದಿರಬಹುದು?” ಎಂದು ಚಿತ್ರವನ್ನು ತೋರಿಸಿ ಕೇಳಿದಳಂತೆ.