ಸಿಎಂಎಸ್ ಮತ್ತು ಎಲ್‌ಎಂಎಸ್: ನಮ್ಮ ಧರ್ಮಕೇಂದ್ರಕ್ಕೆ ಯಾವುದು ಬೇಕು?

"ನಮ್ಮ ಚರ್ಚಿಗೆ ವೆಬ್‌ಸೈಟ್ ಇದೆಯಲ್ಲ, ಕ್ರೈಸ್ತ ಶಿಕ್ಷಣದ ಪಾಠಗಳನ್ನೂ ಅದರಲ್ಲೇ ಹಾಕಿದರೆ ಸಾಲದೇ?" ಪಾಲನಾ ಮಂಡಳಿಗಳ ಸದಸ್ಯರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯಿದು. ಇದಕ್ಕೆ ಉತ್ತರಿಸುವ ಮುನ್ನ ಎರಡು ಬಗೆಯ ತಂತ್ರಾಂಶಗಳ ವ್ಯತ್ಯಾಸವನ್ನು ತಿಳಿಯೋಣ.

ಮೊದಲನೆಯದು ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಸಿಎಂಎಸ್. ಬರಹ, ಚಿತ್ರ, ವಿಡಿಯೋಗಳನ್ನು ಜಾಲತಾಣದಲ್ಲಿ ಪ್ರಕಟಿಸಲು, ತಿದ್ದಲು ಮತ್ತು ವಿಂಗಡಿಸಿಡಲು ಇದು ನೆರವಾಗುತ್ತದೆ. 2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ಮತ್ತು 2005ರಲ್ಲಿ ಬಂದ ಜೂಮ್ಲಾ ಈ ಬಗೆಯವು. ಕಂಪ್ಯೂಟರ್ ಭಾಷೆ ಅರಿಯದವರೂ ಬಲಿಪೂಜೆಯ ಸಮಯ, ಹಬ್ಬದ ವರದಿ, ಮರಣ ವಾರ್ತೆಗಳನ್ನು ಇದರಲ್ಲಿ ಪ್ರಕಟಿಸಬಹುದು. ಬರೆಯುವವರು ಒಬ್ಬರು, ಪರಿಶೀಲಿಸಿ ಪ್ರಕಟಿಸುವವರು ಇನ್ನೊಬ್ಬರು ಎಂದು ಕೆಲಸ ಹಂಚಿಕೊಳ್ಳಲೂ ಅವಕಾಶವಿದೆ.

ಎರಡನೆಯದು ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಎಲ್‌ಎಂಎಸ್. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಾಸ್ ರೂಪಿಸಿ, 2002ರಲ್ಲಿ ಮೊದಲ ಆವೃತ್ತಿ ಹೊರಬಂದ ಮೂಡಲ್ ಇದಕ್ಕೆ ಉತ್ತಮ ಉದಾಹರಣೆ. ಇಲ್ಲಿ ವಿದ್ಯಾರ್ಥಿಯು ತನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುತ್ತಾನೆ. ಪಾಠಗಳನ್ನು ಕ್ರಮವಾಗಿ ಓದುತ್ತಾನೆ, ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ಯಾರು ಯಾವ ಪಾಠ ಮುಗಿಸಿದರು, ಎಷ್ಟು ಅಂಕ ಬಂತು, ಯಾರು ಹಿಂದೆ ಉಳಿದರು ಎಂಬುದು ಶಿಕ್ಷಕರಿಗೆ ಕಾಣಿಸುತ್ತದೆ.

ಸರಳವಾಗಿ ಹೇಳುವುದಾದರೆ, ಸಿಎಂಎಸ್ ಚರ್ಚಿನ ಬಾಗಿಲಲ್ಲಿರುವ ಸೂಚನಾ ಫಲಕ. ಎಲ್‌ಎಂಎಸ್ ಭಾನುವಾರದ ತರಗತಿಯ ಹಾಜರಿ ಪುಸ್ತಕ. ಫಲಕವನ್ನು ಯಾರು ಬೇಕಾದರೂ ಓದಬಹುದು. ಓದದವರನ್ನು ಅದು ಗುರುತಿಸುವುದಿಲ್ಲ. ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳ ಪಾಠಗಳನ್ನು ಜಾಲತಾಣದಲ್ಲಿ ಹಾಕಿ, ಪುಟ ಐನೂರು ಸಲ ತೆರೆಯಲ್ಪಟ್ಟಿತೆಂದು ನಾವು ಸಂತೋಷಪಡಬಹುದು. ಆದರೆ ಮೂರನೇ ಪಾಠದಲ್ಲೇ ನಿಂತುಹೋದ ಮಗು ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಹಾಗೆಂದು ಪ್ರತಿ ಧರ್ಮಕೇಂದ್ರಕ್ಕೂ ಎಲ್‌ಎಂಎಸ್ ಬೇಕಾಗಿಲ್ಲ. ಹದಿನೈದು ಮಕ್ಕಳ ತರಗತಿಗೆ ಒಬ್ಬ ಒಳ್ಳೆಯ ಶಿಕ್ಷಕಿ ಮತ್ತು ಒಂದು ಪುಸ್ತಕ ಸಾಕು. ಹಲವು ಧರ್ಮಕೇಂದ್ರಗಳ ಕ್ರೈಸ್ತ ಶಿಕ್ಷಕರ ತರಬೇತಿ, ಗಲ್ಫ್ ದೇಶಗಳಲ್ಲಿ ದುಡಿಯುವ ಯುವಜನರ ವಿವಾಹ ಪೂರ್ವ ತಯಾರಿ ಮುಂತಾದವಕ್ಕೆ ಇದು ಉಪಯುಕ್ತ. ಅದೂ ಪ್ರತಿ ಚರ್ಚಿಗೆ ಒಂದರಂತೆ ಅಲ್ಲ, ಧರ್ಮಪ್ರಾಂತ್ಯಕ್ಕೆ ಒಂದಿದ್ದರೆ ಸಾಕು.

ವರ್ಡ್‌ಪ್ರೆಸ್‌ಗೆ ಪ್ಲಗಿನ್ ಸೇರಿಸಿ ಪಾಠ, ಪರೀಕ್ಷೆಗಳನ್ನು ನಡೆಸಬಹುದು ನಿಜ. ಸಣ್ಣ ತರಬೇತಿಗೆ ಅದು ಸಾಲುತ್ತದೆ. ಆದರೆ ಖರ್ಚನ್ನು ಮರೆಯಬಾರದು. ವರ್ಡ್‌ಪ್ರೆಸ್, ಮೂಡಲ್ ಎರಡೂ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳು. ಆದರೆ ಸರ್ವರ್ ಬಾಡಿಗೆ, ಕಾಲಕಾಲಕ್ಕೆ ಅಪ್‌ಡೇಟ್, ಬ್ಯಾಕಪ್ ಮತ್ತು ಇವನ್ನೆಲ್ಲ ನೋಡಿಕೊಳ್ಳುವ ವ್ಯಕ್ತಿ ಉಚಿತವಲ್ಲ. ಎಲ್‌ಎಂಎಸ್‌ನಲ್ಲಿ ಮಕ್ಕಳ ಹೆಸರು, ಅಂಕಗಳು ಸೇರುವುದರಿಂದ ಹೊಣೆ ಇನ್ನೂ ಹೆಚ್ಚು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂಬ ನಿಯಮವಿದೆ.

ಇನ್ನೊಂದು ಮಾತು. ಎಲ್‌ಎಂಎಸ್ ಅಂಕಗಳನ್ನು ಲೆಕ್ಕ ಹಾಕುತ್ತದೆ, ವಿಶ್ವಾಸವನ್ನಲ್ಲ. ಅಂತರ್ಜಾಲದ ಪರಿಚಯವು ಜನರನ್ನು ಕೊನೆಗೆ ನಿಜವಾದ ಕ್ರೈಸ್ತ ಸಮುದಾಯದೊಳಗೆ ಕರೆತರಬೇಕೆಂದು ಎರಡನೇ ಜಾನ್ ಪಾಲ್ ಜಗದ್ಗುರುಗಳು 2002ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ನೆನಪಿಸಿದ್ದರು.

ಆದ್ದರಿಂದ ಹಣ ಖರ್ಚು ಮಾಡುವ ಮುನ್ನ ಪಾಲನಾ ಮಂಡಳಿಯು ಕೇಳಿಕೊಳ್ಳಬೇಕಾದದ್ದು ಇಷ್ಟೇ: ನಾವು ತಿಳಿಸಬೇಕೋ, ಕಲಿಸಬೇಕೋ? ತಿಳಿಸುವುದಾದರೆ ಈಗಿರುವ ವೆಬ್‌ಸೈಟ್ ಸಾಕು. ಕಲಿಸುವುದಾದರೆ, ಎರಡು ವಾರ ಪಾಠ ತೆರೆಯದ ಮಗುವಿನ ಹೆಸರು ಪರದೆಯಲ್ಲಿ ಕಂಡಾಗ ಅದರ ಮನೆಗೆ ಹೋಗಿ ವಿಚಾರಿಸುವವರು ಯಾರೆಂದು ಮೊದಲು ನಿಶ್ಚಯಿಸೋಣ. ತಂತ್ರಾಂಶ ಆಮೇಲೆ.