ಮುತ್ತತ್ತಿಯಲ್ಲಿ ನದಿಸ್ನಾನ ಮತ್ತು ಸುರಕ್ಷತೆ

ಮುತ್ತತ್ತಿಯು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ನದಿಯ ದಂಡೆಯ ಮೇಲಿರುವ ಯಾತ್ರಾಸ್ಥಳ ಹಾಗೂ ವಿಹಾರತಾಣ. ಸೀತೆಯು ನೀರಿನಲ್ಲಿ ಕಳೆದುಕೊಂಡ ಆಭರಣವನ್ನು ಆಂಜನೇಯನು ಎತ್ತಿಕೊಟ್ಟನೆಂಬ ಐತಿಹ್ಯದಿಂದ ಇಲ್ಲಿನ ದೇವರಿಗೆ ಮುತ್ತೆತ್ತರಾಯನೆಂಬ ಹೆಸರಿದೆ. ರಜಾದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳಿಂದಲೂ ಬೆಂಗಳೂರಿನಿಂದಲೂ ಜನರು ಸ್ನಾನಕ್ಕೆಂದು ಬರುತ್ತಾರೆ. ನೀರಿಗಿಳಿದವರು ಮುಳುಗಿ ಸತ್ತ ಘಟನೆಗಳು ಇಲ್ಲಿ ಮತ್ತೆ ಮತ್ತೆ ನಡೆದಿವೆ.

ನದಿಯ ಸ್ವಭಾವ

ಈ ಭಾಗದಲ್ಲಿ ಕಾವೇರಿಯು ಬಂಡೆಗಳ ನಡುವೆ ಹರಿಯುತ್ತದೆ. ಮೊಣಕಾಲುದ್ದದ ನೀರಿನಿಂದ ಒಂದೆರಡು ಹೆಜ್ಜೆ ಮುಂದಿಟ್ಟರೆ ಆಳುದ್ದದ ಮಡು ಸಿಗಬಹುದು. ಮೇಲ್ಮೈ ಶಾಂತವಾಗಿ ಕಂಡರೂ ಬಂಡೆಗಳ ಸಂದಿನಲ್ಲಿ ಸೆಳೆತವೂ ಸುಳಿಯೂ ಇರುತ್ತವೆ. ಮಂಡ್ಯ ಸೀಮೆಯ ಹುಡುಗರು ಈಜು ಕಲಿಯುವುದು ಹೆಚ್ಚಾಗಿ ಬಾವಿ, ಕೆರೆ, ನಾಲೆಗಳಲ್ಲಿ. ಬಾವಿಯ ನೀರು ನಿಂತ ನೀರು. ನಾಲೆಯ ತಳ ಬಹುಮಟ್ಟಿಗೆ ಸಮತಟ್ಟು. ಆ ಅನುಭವವನ್ನು ನಂಬಿ ಹೊಳೆಗೆ ಧುಮುಕುವುದು ಅಪಾಯಕರ. ಈಜು ಬಾರದವರಷ್ಟೇ ಮುಳುಗುತ್ತಾರೆಂಬ ತಿಳಿವಳಿಕೆ ಸರಿಯಲ್ಲ.

ಹೊರಡುವ ಮುನ್ನ

ಮುತ್ತತ್ತಿಯಲ್ಲಿ ಹನಿ ಮಳೆ ಬೀಳದಿದ್ದರೂ ನೀರು ಏರಬಹುದು. ಮೇಲ್ಭಾಗದಲ್ಲಿ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿವೆ. ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿದರೆ, ಮದ್ದೂರಿನ ಮೂಲಕ ಹರಿದುಬರುವ ಶಿಂಷಾ ನದಿಯು ಶಿವನಸಮುದ್ರದ ಕೆಳಗೆ ಕೂಡಿಕೊಳ್ಳುತ್ತದೆ. ಜಲಾಶಯದಿಂದ ಬಿಟ್ಟ ನೀರು ಇಲ್ಲಿಗೆ ತಲುಪಲು ಹಲವು ಗಂಟೆಗಳು ಬೇಕು; ಆದುದರಿಂದ ಬೆಳಿಗ್ಗೆ ಸ್ನಾನ ಮಾಡಿದ ಬಂಡೆ ಮಧ್ಯಾಹ್ನದ ವೇಳೆಗೆ ನಡುಗಡ್ಡೆಯಾಗಬಹುದು. ಮುಂಗಾರಿನಲ್ಲಿ ಹೊರಹರಿವಿನ ಪ್ರಮಾಣವು ಪತ್ರಿಕೆಗಳಲ್ಲಿ ಕ್ಯುಸೆಕ್‌ಗಳಲ್ಲಿ ಪ್ರಕಟವಾಗುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. ಪ್ರವಾಹದ ಮುನ್ನೆಚ್ಚರಿಕೆ ಇರುವ ದಿನ ಪ್ರಯಾಣವನ್ನು ಮುಂದೂಡುವುದೇ ಯುಕ್ತ.

ಉದ್ದನೆಯ ಗಟ್ಟಿ ಹಗ್ಗ, ಗಾಳಿ ತುಂಬಿದ ಟ್ಯೂಬು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಯಲ್ಲಿರಬೇಕು. ಸುತ್ತಲೂ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಕಾಡಿದೆ. ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳದೆ, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಹಿಂದಿರುಗುತ್ತೇವೆ ಎಂಬುದನ್ನು ಮನೆಯವರಿಗೆ ತಿಳಿಸಿರಬೇಕು. ಆನೆಗಳ ಸಂಚಾರವಿರುವುದರಿಂದ ಕತ್ತಲಾಗುವ ಮುನ್ನ ಕಾಡನ್ನು ದಾಟುವುದು ಅಗತ್ಯ.

ದಡದಲ್ಲಿ

ಎಚ್ಚರಿಕೆಯ ಫಲಕವಿರುವೆಡೆ ಇಳಿಯಬಾರದು. ನದಿಯಲ್ಲಿ ಮೊಸಳೆಗಳೂ ಇವೆ. ಸ್ಥಳೀಯರು ಬೇಡವೆಂದ ಜಾಗವನ್ನು ಪರೀಕ್ಷಿಸಿ ನೋಡುವ ಹಟ ಸಲ್ಲದು. ಮದ್ಯ ಸೇವಿಸಿದವರನ್ನು ನೀರಿನ ಹತ್ತಿರಕ್ಕೂ ಬಿಡಬಾರದು. ಒದ್ದೆಯಾದ ಸೀರೆ, ಜೀನ್ಸ್ ಕಾಲಿಗೆ ತೊಡರುತ್ತವೆ. ಪಾಚಿಗಟ್ಟಿದ ಬಂಡೆಯ ಅಂಚಿನಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದು ಇತ್ತೀಚಿನ ಪಿಡುಗು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹಿರಿಯರನ್ನು ಗೊತ್ತುಮಾಡಬೇಕು. ಎಲ್ಲರೂ ನೋಡುತ್ತಿದ್ದಾರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ.

ಮುಳುಗುವವರ ರಕ್ಷಣೆ

ಒಬ್ಬರನ್ನು ಉಳಿಸಲು ಹೋಗಿ ಅದೇ ಮನೆಯ ಇಬ್ಬರು ಮೂವರು ಪ್ರಾಣ ಕಳೆದುಕೊಳ್ಳುವುದುಂಟು. ಮುಳುಗುತ್ತಿರುವವರು ಹತ್ತಿರ ಬಂದವರನ್ನೇ ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ. ತರಬೇತಿಯಿಲ್ಲದವರು ನೀರಿಗೆ ಹಾರದೆ, ದಡದಿಂದಲೇ ಹಗ್ಗ, ಗಳು, ಟ್ಯೂಬು ಅಥವಾ ಗಂಟು ಹಾಕಿದ ಸೀರೆಯನ್ನು ಎಸೆಯಬೇಕು. 112 ಅಥವಾ 108ಕ್ಕೆ ಕರೆ ಮಾಡಬೇಕು.

ಮೇಲೆತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ರೂಢಿಯಲ್ಲಿವೆ. ಇದರಿಂದ ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ತುಂಬಬೇಕು. ಅನಂತರ ಎದೆಯ ಮಧ್ಯಭಾಗವನ್ನು 30 ಬಾರಿ ವೇಗವಾಗಿ, ಬಲವಾಗಿ ಒತ್ತಿ, 2 ಬಾರಿ ಉಸಿರು ಊದಬೇಕು. ನೆರವು ಬರುವವರೆಗೂ ಇದನ್ನೇ ಮುಂದುವರಿಸಬೇಕು. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ಬಳಿಕವೂ ಉಲ್ಬಣಿಸಬಹುದು.