ಎಂಟೂವರೆಯ ಮೊದಲ ಗಂಟೆ

2020ರ ಜೂನ್ 1, ಸೋಮವಾರ. ಕೇರಳದಲ್ಲಿ ಜೂನ್ ಒಂದೆಂದರೆ ಮಳೆಯೂ ಮಕ್ಕಳೂ ಒಟ್ಟಿಗೆ ಬೀದಿಗಿಳಿಯುವ ದಿನ. ಹೊಸ ಕೊಡೆ, ಹೊಸ ಚೀಲ, ಕಾಗದದ ಕಂಪು ಆರದ ಪಠ್ಯಪುಸ್ತಕ. ಒಂದನೇ ಕ್ಲಾಸಿಗೆ ಬರುವ ಪುಟಾಣಿಗಳ ಕೈಗೆ ಬಲೂನು ಕೊಟ್ಟು ಒಳಗೆ ಕರೆದುಕೊಳ್ಳುವ ಪ್ರವೇಶೋತ್ಸವ. ಆ ವರ್ಷವೂ ಮುಂಗಾರು ಲೆಕ್ಕ ತಪ್ಪದೆ ಜೂನ್ ಒಂದಕ್ಕೇ ಬಂತು. ಮಕ್ಕಳು ಮಾತ್ರ ಮನೆಯಲ್ಲೇ ಉಳಿದರು. ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಗೇಟು ತೆರೆದಿರಲಿಲ್ಲ, ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು.

ಬೆಳಗ್ಗೆ ಎಂಟೂವರೆಗೆ ವಿಕ್ಟರ್ಸ್ ಎಂಬ ಸರ್ಕಾರಿ ಟಿ.ವಿ. ವಾಹಿನಿಯಲ್ಲಿ ಪಾಠ ಶುರುವಾಯಿತು. ಕಾರ್ಯಕ್ರಮದ ಹೆಸರು ‘ಫಸ್ಟ್ ಬೆಲ್’. ಮೊದಲ ಎರಡು ಗಂಟೆ ಹನ್ನೆರಡನೇ ತರಗತಿಗೆ. ಹತ್ತೂವರೆಗೆ ಒಂದನೇ ಕ್ಲಾಸಿನ ಮಕ್ಕಳಿಗೆ ಅರ್ಧ ಗಂಟೆ. ಹನ್ನೊಂದರಿಂದ ಹತ್ತನೇ ತರಗತಿ. ಮಧ್ಯಾಹ್ನ ಊಟದ ಹೊತ್ತಿಗೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಹೀಗೆ ಸಂಜೆ ಐದೂವರೆವರೆಗೆ ಒಂದೇ ಚಾನೆಲ್ಲಿನೊಳಗೆ ಇಡೀ ಶಾಲೆ ತರಗತಿ ತರಗತಿಯಾಗಿ ಹಾದುಹೋಗುತ್ತಿತ್ತು. ಮೂವರು ಮಕ್ಕಳಿರುವ ಮನೆಯಲ್ಲಿ ಒಂದೇ ಟಿ.ವಿ. ಇದ್ದರೂ ಮೂವರಿಗೂ ಪಾಠ ದಕ್ಕಬೇಕು. ವೇಳಾಪಟ್ಟಿ ಬರೆದವರ ತಲೆಯಲ್ಲಿ ಅಂಥ ಮನೆಯ ಚಿತ್ರ ಇದ್ದದ್ದು ಅದನ್ನು ನೋಡಿದರೇ ಗೊತ್ತಾಗುತ್ತದೆ.

ಎರಡು ತಿಂಗಳಲ್ಲಿ ಇಷ್ಟನ್ನು ಕಟ್ಟಲು ಹೇಗೆ ಸಾಧ್ಯವಾಯಿತು ಎಂದರೆ, ಅದು ಎರಡು ತಿಂಗಳಲ್ಲಿ ಕಟ್ಟಿದ್ದಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಶ್ರೀಹರಿಕೋಟಾದಿಂದ ಹಾರಿಸಿತು. ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮಾಡಿನ ಮೇಲೆ ಡಿಶ್ ಬುಟ್ಟಿಗಳು ಏರಿದ್ದು ಆ ಉಪಗ್ರಹಕ್ಕಾಗಿಯೇ. ಮರುವರ್ಷ ಜುಲೈಯಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅದೇ ಉಪಗ್ರಹವನ್ನು ನೆಚ್ಚಿದ ವಿಕ್ಟರ್ಸ್ ಅನ್ನು ಉದ್ಘಾಟಿಸಿದರು. ಉಪಗ್ರಹ 2010ರಲ್ಲಿ ಸೇವೆ ಮುಗಿಸಿತು. ಕೇರಳ ಮಾತ್ರ ವಾಹಿನಿಯನ್ನು ಬಿಡಲಿಲ್ಲ. ಅದನ್ನು ನಡೆಸುತ್ತಿದ್ದ, 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂದು ಆರಂಭವಾದ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಶಾಲೆಗಳ 45,000 ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು, ಅವುಗಳಲ್ಲಿ ಯಾರಿಗೂ ಪರವಾನಗಿ ಹಣ ಕಟ್ಟಬೇಕಿಲ್ಲದ ಮುಕ್ತ ತಂತ್ರಾಂಶ ಓಡುತ್ತಿತ್ತು. ಸಾವಿರಾರು ಮೇಷ್ಟ್ರುಗಳು ರಜೆಯಲ್ಲಿ ತರಬೇತಿಗೆ ಕೂತು ಅದನ್ನು ಕಲಿತಿದ್ದರು. ಸರ್ಕಾರಗಳು ಬದಲಾದವು, ಮಂತ್ರಿಗಳು ಬದಲಾದರು, ಈ ಕೆಲಸ ನಿಲ್ಲಲಿಲ್ಲ. ಹೀಗೆ ಸದ್ದಿಲ್ಲದೆ ಕೂಡಿಟ್ಟ ಹದಿನೈದು ವರ್ಷಗಳು ಆ ಸೋಮವಾರ ಉಪಯೋಗಕ್ಕೆ ಬಂದವು.

ಟಿ.ವಿ.ಯನ್ನೇ ಆರಿಸಿದ್ದು ಬಹಳ ದೊಡ್ಡ ನಿರ್ಧಾರ. ಖಾಸಗಿ ಶಾಲೆಗಳು ಝೂಮ್, ಗೂಗಲ್ ಮೀಟ್ ಎಂದು ಓಡುತ್ತಿದ್ದ ಕಾಲವದು. ನೇರ ಪಾಠಕ್ಕೆ ಮಗುವಿಗೊಂದು ಫೋನ್ ಬೇಕು, ದಿನಕ್ಕಿಷ್ಟು ಡಾಟಾ ಬೇಕು, ಕಡಿಯದ ರೇಂಜ್ ಬೇಕು. ಮಲಪ್ಪುರಂ ಜಿಲ್ಲೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ರೇಂಜ್ ಹುಡುಕುತ್ತಾ ಮನೆಯ ಹೆಂಚಿನ ಮಾಡು ಹತ್ತಿ, ಪುಸ್ತಕ ಬಿಡಿಸಿ ಕೂತ ಫೋಟೊ ಆ ಜೂನ್‌ನಲ್ಲಿ ದೇಶವೆಲ್ಲ ಸುತ್ತಿತು. ಸರ್ಕಾರಿ ಶಾಲೆಯ ಮಗುವಿನ ಮನೆಯಲ್ಲಿ ಫೋನ್ ಇದ್ದರೂ ಅದು ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಕೆಲಸಕ್ಕೆ ಹೋಗಿರುತ್ತಾನೆ. ಟಿ.ವಿ. ಮನೆಯಲ್ಲೇ ಇರುತ್ತದೆ. ಫೋನ್ ಇರುವವರಿಗೆ ಯೂಟ್ಯೂಬ್ ಇದ್ದೇ ಇತ್ತು, ಇಲ್ಲದವರಿಗೆ ಕೇಬಲ್ ಬಂದರೆ ಸಾಕಾಗಿತ್ತು.

ಕ್ಯಾಮೆರಾದ ಎದುರು ನಿಂತವರು ಟಿ.ವಿ.ಯ ಮಂದಿಯಲ್ಲ, ಶಾಲೆಯ ಟೀಚರುಗಳು. ನಲವತ್ತು ಮಕ್ಕಳ ಗಲಾಟೆಗೆ ಒಗ್ಗಿದ ಗಂಟಲು ಖಾಲಿ ಸ್ಟುಡಿಯೊದಲ್ಲಿ ಮಾತಾಡಬೇಕು. ಪ್ರಶ್ನೆ ಕೇಳಿ, ಬಾರದ ಉತ್ತರಕ್ಕೆ ಎರಡು ಕ್ಷಣ ಕಾದು, ‘ಸರಿಯಾಗಿ ಹೇಳಿದೆ’ ಎನ್ನಬೇಕು. ಕೋಝಿಕ್ಕೋಡು ಕಡೆಯ ಯುವ ಅಧ್ಯಾಪಿಕೆಯೊಬ್ಬರು ಒಂದನೇ ಕ್ಲಾಸಿಗೆ ಮಿಟ್ಟು, ತಂಕು ಎಂಬ ಎರಡು ಬೆಕ್ಕುಗಳ ಕಥೆ ಹೇಳಿದ ಬಗೆಯನ್ನು ಇಲ್ಲಿ ನೆನೆಯಲೇಬೇಕು. ಕಣ್ಣರಳಿಸಿ, ಕೈ ಆಡಿಸಿ, ಬೆಕ್ಕನ್ನು ಹೆಸರು ಹಿಡಿದು ಕರೆದು, ಮಾತನ್ನು ಎಳೆಎಳೆಯಾಗಿ ಬಿಡಿಸಿ ಅವರು ಕಥೆ ಹೇಳಿದರು. ಐದಾರು ವರ್ಷದ ಮಗುವಿಗೆ ಕಥೆ ಹೇಳುವುದೇ ಹಾಗೆ. ದೊಡ್ಡವರಲ್ಲಿ ಕೆಲವರು ಅದನ್ನು ಕತ್ತರಿಸಿ ಅಂಟಿಸಿ, ಗೇಲಿ ಮಾಡಿ ಹರಿಯಬಿಟ್ಟರು. ಇನ್ನೂ ಕೆಲವು ಟೀಚರುಗಳ ಬಗ್ಗೆ ಕೊಳಕು ಮಾತುಗಳೂ ಬಂದವು, ಪೊಲೀಸರು ಕೇಸು ದಾಖಲಿಸಬೇಕಾಯಿತು. ಆದರೆ ಪಾಠ ಯಾರಿಗಾಗಿ ಇತ್ತೋ ಅವರು ತೀರ್ಪು ಕೊಟ್ಟಾಗಿತ್ತು. ಮನೆಮನೆಯಲ್ಲಿ ಪುಟಾಣಿಗಳು ಟಿ.ವಿ.ಯ ಮುಂದೆ ನಿಂತು ಬೆಕ್ಕಿಗೆ ಉತ್ತರ ಕೊಡುತ್ತಿದ್ದರು. ಕೆಲವೇ ದಿನಗಳಲ್ಲಿ ಆ ಟೀಚರ್ ಇಡೀ ನಾಡಿನ ಟೀಚರ್ ಆದರು.

ಅದೇ ಮೊದಲ ದಿನ ಮಲಪ್ಪುರಂನಲ್ಲಿ ಒಂಬತ್ತನೇ ತರಗತಿಯ ದಲಿತ ಬಾಲಕಿಯೊಬ್ಬಳು ಸತ್ತಳು. ಮನೆಯ ಟಿ.ವಿ. ಕೆಟ್ಟಿತ್ತು, ಸ್ಮಾರ್ಟ್‌ಫೋನ್ ಇರಲಿಲ್ಲ, ಕೂಲಿ ಮಾಡುವ ಅಪ್ಪನಿಗೆ ಲಾಕ್‌ಡೌನ್‌ನಲ್ಲಿ ಕೆಲಸವಿರಲಿಲ್ಲ. ಪಾಠ ತಪ್ಪಿಹೋಯಿತೆಂಬ ಸಂಕಟ ಅವಳನ್ನು ಹಿಂಡಿತ್ತು ಎಂದು ಮನೆಯವರು ಹೇಳಿದರು. ಓದಿನಲ್ಲಿ ಮುಂದಿದ್ದ ಹುಡುಗಿ. ಈ ಸಾವನ್ನು ಬದಿಗಿಟ್ಟು ಫಸ್ಟ್ ಬೆಲ್‌ನ ಯಶಸ್ಸನ್ನು ಹೇಳಲು ನನ್ನಿಂದ ಆಗುವುದಿಲ್ಲ. ಟಿ.ವಿ.ಯಾಗಲಿ ಇಂಟರ್‌ನೆಟ್ಟಾಗಲಿ ಇಲ್ಲದ ಮಕ್ಕಳು ರಾಜ್ಯದಲ್ಲಿ ಸುಮಾರು 2.61 ಲಕ್ಷ ಎಂದು ಸಮಗ್ರ ಶಿಕ್ಷಾದ ಸಮೀಕ್ಷೆ ಮೊದಲೇ ಲೆಕ್ಕ ಕೊಟ್ಟಿತ್ತು. ಅವರಿಗೆ ವ್ಯವಸ್ಥೆ ಆಗುವವರೆಗೆ ಇದು ಪ್ರಯೋಗದ ಪ್ರಸಾರ, ಇದೇ ಪಾಠಗಳು ಮತ್ತೆ ಬರುತ್ತವೆ ಎಂದೂ ಸರ್ಕಾರ ಹೇಳಿತ್ತು. ಆ ಮಾತು ಆ ಮನೆಯವರೆಗೆ ತಲುಪಿರಲಿಲ್ಲ. ಪಾಠ ಆಕಾಶದಿಂದ ಇಳಿದರೂ ‘ಮಗಾ, ಹೆದರಬೇಡ, ನಾಳೆ ಮತ್ತೆ ಬರುತ್ತದೆ’ ಎನ್ನಲು ಒಬ್ಬರು ನಡೆದೇ ಹೋಗಬೇಕು.

ಅಲ್ಲಿಂದ ಮುಂದಿನ ಎರಡು ವಾರ ಕೇರಳದಲ್ಲಿ ಟಿ.ವಿ.ಗಳು ಹೊರಟವು. ಅಟೊ ರಿಕ್ಷಾದಲ್ಲಿ, ಜೀಪಿನಲ್ಲಿ, ಹೆಗಲ ಮೇಲೆ. ಗ್ರಂಥಾಲಯಗಳ ಹಾಲ್‌ಗಳು, ಅಂಗನವಾಡಿಗಳು, ಊರಿನ ಕ್ಲಬ್ಬುಗಳು ನೆರೆಹೊರೆಯ ಕಲಿಕಾ ಕೇಂದ್ರಗಳಾದವು. ರಾಜ್ಯದ ಚೀಟಿ ಸಂಸ್ಥೆ ಕೆಎಸ್‌ಎಫ್‌ಇ ಟಿ.ವಿ. ಕೊಳ್ಳಲು ಹಣ ಕೊಟ್ಟಿತು. ಹಳೆ ವಿದ್ಯಾರ್ಥಿಗಳು, ಯುವಕ ಸಂಘಗಳು, ಅಧ್ಯಾಪಕರ ಸಂಘಟನೆಗಳು ಕೂಡಿ ಉಳಿದದ್ದನ್ನು ತುಂಬಿದರು. ಪತ್ರಿಕೆ ಓದುವ ಉದ್ದ ಮೇಜಿನ ತುದಿಗೆ ಟಿ.ವಿ., ಎದುರು ಬಿಟ್ಟು ಬಿಟ್ಟು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲಲ್ಲಿ ಸ್ಯಾನಿಟೈಸರ್ ಬಾಟ್ಲಿ, ಮಾಸ್ಕಿನ ಮೇಲಿನ ಆರೇಳು ಜೊತೆ ಕಣ್ಣು. ಹೊರಗೆ ಮಳೆ ಜೋರಾದರೆ ಟೀಚರಿನ ದನಿ ಹೆಂಚಿನ ಸದ್ದಿನಲ್ಲಿ ಮುಳುಗುತ್ತದೆ. ಯಾರೋ ಎದ್ದು ವಾಲ್ಯೂಮ್ ಏರಿಸುತ್ತಾರೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ.

ಪಾಠ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಟಿ.ವಿ. ಆರಿದ ಮೇಲೆ ತರಗತಿಯ ವಾಟ್ಸ್ಆ್ಯಪ್ ಗುಂಪು ಏಳುತ್ತಿತ್ತು. ನೋಟ್‌ಬುಕ್ಕಿನ ಪುಟಗಳ ಫೋಟೊ ಒಂದರ ಮೇಲೊಂದು ಬೀಳುತ್ತವೆ. ಓರೆಯಾದ್ದು, ಮಸುಕಾದ್ದು, ಹೆಬ್ಬೆರಳು ಅರ್ಧ ಪುಟ ಮುಚ್ಚಿದ್ದು. ಟೀಚರ್ ಫೋನಿನಲ್ಲೇ ಕೆಂಪು ಗೆರೆ ಎಳೆದು ತಿದ್ದಿ ವಾಪಸು ಕಳಿಸುತ್ತಾರೆ, ಅರ್ಥವಾಗದವರಿಗೆ ವಾಯ್ಸ್ ಮೆಸೇಜ್ ಹಾಕುತ್ತಾರೆ. ಅಪ್ಪ ಕೆಲಸ ಮುಗಿಸಿ ಫೋನ್ ತರುವುದು ರಾತ್ರಿ ಎಂಟಕ್ಕೆ, ಹಾಗಾಗಿ ಹೋಂವರ್ಕ್ ಬರುವುದೂ ಎಂಟರ ಮೇಲೆ. ಗುಂಪಿನಲ್ಲಿ ನಾಲ್ಕು ದಿನ ಸದ್ದಿಲ್ಲದ ಮಗುವಿನ ಮನೆಗೆ ಕರೆ ಹೋಗುತ್ತದೆ. ಟಿ.ವಿ.ಯಲ್ಲಿ ಕಂಡ ಟೀಚರ್ ಹೆಸರಾದರು. ಈ ರಾತ್ರಿಪಾಳಿಯ ಟೀಚರುಗಳನ್ನು ಯಾರೂ ನೋಡಲಿಲ್ಲ. ನನ್ನ ಕಣ್ಣಿಗೆ ಫಸ್ಟ್ ಬೆಲ್ ನಿಂತದ್ದು ಇವರಿಂದ.

ಇನ್ನು ಕಾಸರಗೋಡು. 1956ರ ನವೆಂಬರ್ 1ರಂದು ಭಾಷಾವಾರು ಗೆರೆ ಎಳೆದಾಗ ಕೇರಳಕ್ಕೆ ಸೇರಿದ ಕನ್ನಡದ ನೆಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿಯ ಮಗು ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿ, ಮರಾಠಿಯನ್ನೋ ಆಡುತ್ತದೆ, ಬಸ್ಸಿನಲ್ಲಿ ಮಲಯಾಳ ಕೇಳುತ್ತದೆ, ಪುಸ್ತಕ ಕನ್ನಡದಲ್ಲಿ ಬಿಡಿಸುತ್ತದೆ. ಆ ಜೂನ್‌ನಲ್ಲಿ ವಿಕ್ಟರ್ಸ್ ಹಾಕಿದರೆ ಅಲ್ಲಿ ಭಿನ್ನರಾಶಿಯೂ ದ್ಯುತಿಸಂಶ್ಲೇಷಣೆಯೂ ಮಲಯಾಳದಲ್ಲಿ. ಚಿತ್ರ ಅರ್ಥವಾಗುತ್ತದೆ, ಅಂಕಿ ಅರ್ಥವಾಗುತ್ತದೆ, ಕೈಯಲ್ಲಿರುವ ಪುಸ್ತಕಕ್ಕೂ ಕಿವಿಗೆ ಬೀಳುವ ಮಾತಿಗೂ ನಂಟು ಹತ್ತುವುದಿಲ್ಲ.

ಕನ್ನಡ ಮಾಧ್ಯಮಕ್ಕೆ ಪ್ರತ್ಯೇಕ ಪಾಠಗಳು ತಯಾರಾದವು, ಅದನ್ನು ಹೇಳಲೇಬೇಕು. ಪಾಲಕ್ಕಾಡಿನ ಕಡೆಯ ತಮಿಳು ಮಕ್ಕಳಿಗೆ ತಮಿಳಿನಲ್ಲಿ, ಇಲ್ಲಿಯವರಿಗೆ ಕನ್ನಡದಲ್ಲಿ. ಕೈಟ್‌ನ ಕಾಸರಗೋಡು ಘಟಕದ ಯೂಟ್ಯೂಬ್ ಚಾನೆಲ್ಲಿಗೆ ಅವು ಏರುತ್ತಿದ್ದವು. ಮಾಡಿದವರು ಅದೇ ಜಿಲ್ಲೆಯ ಕನ್ನಡದ ಮೇಷ್ಟ್ರುಗಳು, ಟೀಚರುಗಳು. ಆ ವಿಡಿಯೊಗಳಲ್ಲಿ ಕೇಳುವುದು ಕಾಸರಗೋಡಿನದೇ ಕನ್ನಡ. ಮಾತು ಬಿಡಿಬಿಡಿ, ಅಕ್ಷರಗಳು ಸ್ಪಷ್ಟ, ವಾಕ್ಯದ ಕೊನೆಗೆ ತುಸು ಎಳೆತ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ನೆಲದ ಮಕ್ಕಳಿಗೆ ಗಣಿತ ಅವರ ಕನ್ನಡದಲ್ಲೇ ಸಿಕ್ಕಿತು.

ಆದರೆ ಮಲಯಾಳದ ಪಾಠಕ್ಕೆ ಕೇರಳದುದ್ದಕ್ಕೂ ಟಿ.ವಿ.ಯಲ್ಲಿ ದಿನದ ಖಚಿತ ಗಂಟೆಯಿತ್ತು. ಕನ್ನಡದ ಪಾಠದ ಮುಖ್ಯ ನೆಲೆ ಯೂಟ್ಯೂಬ್ ಆಯಿತು. ಟಿ.ವಿ. ಸಾಕು, ಫೋನ್ ಬೇಡ ಎಂಬ ಆ ದೊಡ್ಡ ನಿರ್ಧಾರದ ಫಲ ಕನ್ನಡದ ಮಗುವಿನ ಹತ್ತಿರ ಬರುವಾಗ ತೆಳುವಾಯಿತು. ಗುಡ್ಡದ ಬುಡದ ಮನೆಯನ್ನು ಕಣ್ಣಿಗೆ ತಂದುಕೊಳ್ಳಿ. ಸುತ್ತ ಅಡಿಕೆ ತೋಟ, ಮುಂದೆ ಬೈಲು, ಹಿಂದೆ ಕೆಂಪು ಮುರಕಲ್ಲಿನ ದರೆ. ಒಳಗೆ ರೇಂಜ್ ಇಲ್ಲ. ಜಗಲಿಯ ತುದಿಯ ಕಂಬದ ಹತ್ತಿರ ಒಂದು ಗೆರೆ, ಗುಡ್ಡದ ಮೇಲಿನ ಗೇರು ಮರದ ಕೆಳಗೆ ಮೂರು ಗೆರೆ. ಕೆಲವು ಕಡೆ ಫೋನ್ ಹಿಡಿಯುವುದು ಕರ್ನಾಟಕದ ಟವರ್. ಹುಡುಗಿ ಗುಡ್ಡ ಹತ್ತಿ, ಅಣ್ಣನ ಕೊಡೆಯ ಕೆಳಗೆ ಕೂತು, ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಇಳಿಯುತ್ತಾಳೆ. ಮನೆಗೆ ಬಂದು ಒಲೆಯ ಬದಿ ಕೂತು ನೋಡುತ್ತಾಳೆ. ಇಪ್ಪತ್ತೈದು ನಿಮಿಷದ ಪಾಠಕ್ಕೆ ಗುಡ್ಡದ ದಾರಿಯೂ ಸೇರಿ ಒಂದೂವರೆ ಗಂಟೆ.

ಟವರ್ ಗಡಿ ದಾಟಿತು, ಮನುಷ್ಯರಿಗೆ ದಾಟಲು ಆಗಲಿಲ್ಲ. ಮಾರ್ಚ್ ಕೊನೆಯಲ್ಲೇ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣಿನ ರಾಶಿ ಸುರಿದಿತ್ತು. ಆಸ್ಪತ್ರೆಯಿಂದ ಕಾಲೇಜಿನವರೆಗೆ ಎಲ್ಲದಕ್ಕೂ ಮಂಗಳೂರನ್ನು ನಂಬಿದ ಜನ ಗಡಿಯ ತಲಪಾಡಿಯಲ್ಲಿ ನಿಂತುಬಿಟ್ಟರು. ಜುಲೈ 20ರಿಂದ ಕರ್ನಾಟಕದಲ್ಲೂ ದೂರದರ್ಶನ ಚಂದನದಲ್ಲಿ ‘ಸಂವೇದ’ ಶುರುವಾಯಿತು, ಮೊದಲಿಗೆ ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ. ಭಾಷೆ ಕನ್ನಡವೇ, ಆದರೆ ಕರ್ನಾಟಕದ ಪಠ್ಯ ಬೇರೆ, ಕೇರಳದ ಪಠ್ಯ ಬೇರೆ. ಚಂದನ ಕಂಡರೂ ಕಾಸರಗೋಡಿನ ಮಗುವಿನ ಪರೀಕ್ಷೆಗೆ ಅದು ಬರುವಂತಿಲ್ಲ. ಮಾತು ಒಂದು ಕಡೆಗೂ ಪುಸ್ತಕ ಇನ್ನೊಂದು ಕಡೆಗೂ ಎಳೆಯುವ ಈ ಪಾಡು ಅಲ್ಲಿಯವರಿಗೆ ಹೊಸದಲ್ಲ. ಆ ವರ್ಷ ಅದು ಪುಟ್ಟ ಮಕ್ಕಳ ಮೈಮೇಲೂ ಬಿತ್ತು.

ಕರ್ನಾಟಕವೂ ಆಗಸ್ಟ್‌ನಲ್ಲಿ ಟಿ.ವಿ. ಒಂದೇ ಸಾಲದೆಂದು ಕಂಡುಕೊಂಡಿತು. ‘ವಿದ್ಯಾಗಮ’ ಎಂದು ಮೇಷ್ಟ್ರುಗಳು ಹಳ್ಳಿಗೇ ನಡೆದರು. ಗುಡಿಯ ಪೌಳಿ, ಅರಳಿಕಟ್ಟೆ, ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತಿತು, 2021ರ ಜನವರಿಯಲ್ಲಿ ಮತ್ತೆ ಹೊರಟಿತು. ಕೇರಳ ಟಿ.ವಿ.ಯಿಂದ ಹೊರಟು ಮನೆಬಾಗಿಲಿಗೆ ಬಂದು ಮುಟ್ಟಿದ ಜಾಗಕ್ಕೇ ಇವರೂ ಬಂದು ಮುಟ್ಟಿದರು.

ಫಸ್ಟ್ ಬೆಲ್‌ಗೆ ಮರುವರ್ಷ ಎರಡನೆಯ ಆವೃತ್ತಿ ಬಂತು. ಅದಕ್ಕೂ ಮುಂಚೆ, ಹತ್ತು ಮತ್ತು ಹನ್ನೆರಡನೇ ತರಗತಿಯ ಪರೀಕ್ಷೆಗೆ ಓದುವವರಿಗೆ ಕೇಳಿಸಿಕೊಳ್ಳುವ ಆಡಿಯೊ ಪುಸ್ತಕಗಳು ಬಂದಿದ್ದವು. ಕಣ್ಣು ಕಾಣದ ಮಕ್ಕಳಿಗೂ, ಡಾಟಾ ಕಡಿಮೆ ಇರುವವರಿಗೂ ಅವು ಒದಗಿದವು. ಲೆಕ್ಕ ಮಾಡಿ, ತಪ್ಪಿಹೋದವರನ್ನು ಹುಡುಕಿ, ಅವರಿಗಾಗಿ ದಾರಿ ಬದಲಿಸುವ ಈ ಗುಣ ಕಂಪನಿಗಳ ಆ್ಯಪ್‌ಗಳಲ್ಲಿ ನನಗೆ ಕಂಡಿಲ್ಲ. ಅಲ್ಲಿ ಬಾರದ ಮಗು ಗಿರಾಕಿಯಲ್ಲ, ಅಷ್ಟೇ. ಸರ್ಕಾರಿ ಶಾಲೆಯಲ್ಲಿ ಹಾಜರಿ ಪುಸ್ತಕವಿದೆ. ಒಂದು ಹೆಸರಿನ ಎದುರು ದಿನಗಟ್ಟಲೆ ಖಾಲಿ ಉಳಿದರೆ ಉತ್ತರ ಹೇಳಬೇಕಾದವರು ಇದ್ದಾರೆ.

2021ರ ನವೆಂಬರ್ 1ರಂದು ಕೇರಳದ ಶಾಲೆಗಳು ಬಾಗಿಲು ತೆರೆದವು, ಒಂದರಿಂದ ಏಳರವರೆಗೆ, ಹತ್ತು ಮತ್ತು ಹನ್ನೆರಡನೆಯ ತರಗತಿಗೆ ಮೊದಲು. ಎರಡನೇ ಕ್ಲಾಸಿನ ಬೆಂಚಿನಲ್ಲಿ ಅಂದು ಕೂತವರು ಒಂದನೇ ಕ್ಲಾಸನ್ನು ಟಿ.ವಿ.ಯಲ್ಲಿ ಓದಿ ಮುಗಿಸಿ, ಶಾಲೆಯ ಕೊಠಡಿಯನ್ನು ಮೊದಲ ಸಲ ಕಂಡ ಮಕ್ಕಳು. ಒಂದು ತರಗತಿಯನ್ನು ಎರಡು ತಂಡ ಮಾಡಿ ಒಮ್ಮೆಗೆ ಅರ್ಧ ಮಕ್ಕಳನ್ನಷ್ಟೇ ಕರೆಯುವುದು ನಿಯಮವಾಗಿತ್ತು. ಉಳಿದರ್ಧ ಮಕ್ಕಳಿಗಾಗಿ ವಿಕ್ಟರ್ಸ್‌ನಲ್ಲಿ ಪಾಠಗಳು ಮುಂದುವರಿದವು, ಕಾಸರಗೋಡಿನ ಟೀಚರುಗಳು ಕನ್ನಡದ ನೋಟ್ಸುಗಳನ್ನು ರಾತ್ರಿ ಎಂಟರ ಮೇಲೆ ತಿದ್ದುವುದೂ ಮುಂದುವರಿಯಿತು.